ಎರಡು ಬಾಗಿಲು ಮುಚ್ಚಿದ ಮೇಲೆ...

ಬೆಂಗಳೂರು ದಂಡಿನ ಮಿಲ್ಲರ್ಸ್ ರಸ್ತೆ ಹಿಡಿದು ಬೆನ್ಸನ್ ಟೌನ್ ಕಡೆಗೆ ಹೊರಟವರಿಗೆ ಖುದ್ದೂಸ್ ಸಾಹೇಬರ ಈದ್ಗಾ ಮೈದಾನ, ಕ್ಯಾಥೊಲಿಕ್ ಆರ್ಚ್‌ಬಿಷಪ್ಪರ ನಿವಾಸ, ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಎಲ್ಲವೂ ಆ ಒಂದೇ ದಾರಿಯಲ್ಲಿ ಸಿಗುತ್ತವೆ. ಹಲವು ಪ್ರಾಟೆಸ್ಟೆಂಟ್ ಮಿಷನ್‌ಗಳು ತಮ್ಮ ತಮ್ಮ ಪಂಗಡದ ಗೋಡೆಗಳನ್ನು ತಗ್ಗಿಸಿ 1910ರಲ್ಲಿ ಆರಂಭಿಸಿದ ಕಾಲೇಜು ಅದು. ದಕ್ಷಿಣ ಭಾರತದ ಸಭೆಗಳಿಗೆ ಪಾದ್ರಿಗಳನ್ನು ತಯಾರು ಮಾಡುವುದು ಅದರ ಮುಖ್ಯ ಕೆಲಸ. ಆದರೆ ಇದೇ ರಸ್ತೆಯಲ್ಲಿ ಬಹುಕಾಲ ದುಡಿದು ಜಗತ್ತಿನ ಗಮನ ಸೆಳೆದ ಒಬ್ಬ ಕ್ರೈಸ್ತ ಚಿಂತಕರು ಪಾದ್ರಿಯೂ ಅಲ್ಲ, ದೈವಶಾಸ್ತ್ರದ ಪದವಿ ಓದಿದವರೂ ಅಲ್ಲ. ಅವರೇ ಎಂ.ಎಂ. ಥಾಮಸ್.

1916ರಲ್ಲಿ ಕೇರಳದ ಮಾರ್ ತೋಮಾ ಸಭೆಯ ಕುಟುಂಬದಲ್ಲಿ ಹುಟ್ಟಿದ ಥಾಮಸ್ ಓದಿದ್ದು ರಸಾಯನಶಾಸ್ತ್ರ. ತಿರುವನಂತಪುರದಲ್ಲಿ ಕಾಲೇಜಿಗೆ ಸೇರಿದ ಹೊಸದರಲ್ಲೇ ಅವರಿಗೆ ಕ್ರಿಸ್ತನ ಮೇಲೆ ಗಾಢ ಭಕ್ತಿ ಮೂಡಿತು. ಬದುಕನ್ನು ಪೂರ್ತಿಯಾಗಿ ಆತನಿಗೇ ಒಪ್ಪಿಸಬೇಕೆಂಬ ಹಂಬಲ ಹುಟ್ಟಿತು. ಆದರೆ ಬಡತನ, ಜಾತಿಯ ಕ್ರೌರ್ಯ, ಸ್ವಾತಂತ್ರ್ಯ ಹೋರಾಟ ಇವೆಲ್ಲ ಕಣ್ಣೆದುರೇ ಇರುವಾಗ ಬರೀ ಪ್ರಾರ್ಥನೆ ಮಾಡಿಕೊಂಡು ಕೂರುವುದು ಸರ್ವಸ್ವ ಸಮರ್ಪಣೆ ಹೇಗಾದೀತು? ಈ ಪ್ರಶ್ನೆ ಅವರನ್ನು ಗಾಂಧೀಜಿಯ ಕಡೆಗೂ ಆಮೇಲೆ ಮಾರ್ಕ್ಸ್‌ನ ಕಡೆಗೂ ಎಳೆದೊಯ್ದಿತು.

1940ರ ದಶಕದ ಆರಂಭದಲ್ಲಿ ಅವರು ಎರಡು ಅರ್ಜಿ ಹಾಕಿದರು. ಒಂದು, ಪಾದ್ರಿಯ ದೀಕ್ಷೆ ಕೊಡಿ ಎಂದು ತಮ್ಮ ಸಭೆಗೆ. ಇನ್ನೊಂದು, ಸದಸ್ಯತ್ವ ಕೊಡಿ ಎಂದು ಕಮ್ಯೂನಿಸ್ಟ್ ಪಕ್ಷಕ್ಕೆ. ಮಾರ್ಕ್ಸ್‌ವಾದದ ಸೋಂಕಿದೆ ಎಂದು ಸಭೆ ಬೇಡವೆಂದಿತು. ದೇವರನ್ನು ನಂಬುವವನು ಎಂದು ಪಕ್ಷವೂ ಬೇಡವೆಂದಿತು. ಅತ್ತ ದರಿ, ಇತ್ತ ಪುಲಿ. ಬೇರೆಯವರಾಗಿದ್ದರೆ ಎರಡರಲ್ಲಿ ಒಂದನ್ನು ಬಿಟ್ಟುಕೊಟ್ಟು ಇನ್ನೊಂದರ ಬಾಗಿಲು ತಟ್ಟುತ್ತಿದ್ದರೇನೋ. ಥಾಮಸ್ ನಂಬಿಕೆಯನ್ನೂ ಬಿಡಲಿಲ್ಲ, ನ್ಯಾಯದ ಹಸಿವನ್ನೂ ಬಿಡಲಿಲ್ಲ. ಸಾಮಾನ್ಯ ಸಭಾಸದಸ್ಯರಾಗಿಯೇ ಉಳಿದರು.

ಅವರನ್ನು ಬೆಂಗಳೂರಿಗೆ ಬೆಸೆದದ್ದು ಪಿ.ಡಿ. ದೇವಾನಂದನ್ ಅವರ ಸ್ನೇಹ. ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಪಾಠ ಹೇಳಿದ್ದ ದೇವಾನಂದನ್ ವೇದಾಂತದ ಮಾಯಾ ಪರಿಕಲ್ಪನೆಯನ್ನು ಆಳವಾಗಿ ಅಭ್ಯಾಸ ಮಾಡಿದವರು. ಹಿಂದೂ ನೆರೆಯವನ ಜೊತೆ ವಾದಕ್ಕಿಳಿಯುವ ಮೊದಲು ಅವನ ಮಾತಿಗೆ ಕಿವಿಗೊಡಬೇಕು ಎಂಬುದು ಅವರ ನಿಲುವು. 1957ರಲ್ಲಿ ಧರ್ಮ ಮತ್ತು ಸಮಾಜದ ಅಧ್ಯಯನಕ್ಕಾಗಿ ಬೆಂಗಳೂರಿನಲ್ಲಿ ಕ್ರೈಸ್ತ ಸಂಸ್ಥೆಯೊಂದು ಹುಟ್ಟಿದಾಗ ದೇವಾನಂದನ್ ಅದರ ನಿರ್ದೇಶಕರಾದರು. ಥಾಮಸ್ ಅವರಿಗೆ ಹೆಗಲು ಕೊಟ್ಟರು. 1962ರಲ್ಲಿ ದೇವಾನಂದನ್ ತೀರಿಕೊಂಡ ಮೇಲೆ ಆ ಹೊಣೆಯೂ ಥಾಮಸ್ ಅವರ ಹೆಗಲಿಗೇ ಬಂತು. ಭಾರತದ ನವೋದಯದ ಹಿರಿಯರು ಕ್ರಿಸ್ತನನ್ನು ಕಂಡ ಬಗೆಯನ್ನು ಕುರಿತ ಅವರ ಪ್ರಸಿದ್ಧ ಗ್ರಂಥ ಹೊರಬಂದದ್ದು 1969ರಲ್ಲಿ. ರಾಮಮೋಹನ ರಾಯರು, ವಿವೇಕಾನಂದರು, ಗಾಂಧೀಜಿ ಇವರನ್ನೆಲ್ಲ ಅಲ್ಲಿ ಅವರು ಎದುರಾಳಿಗಳೆಂದು ಕಾಣದೆ ಸಂವಾದಕ್ಕೆ ಒದಗಿದ ಹಿರಿಯರೆಂದೇ ಕಂಡರು.

ಕನ್ನಡಿಗರಿಗೆ ಈ ಜಾಡು ಅಪರಿಚಿತವೇನಲ್ಲ. ಪಾದ್ರಿಯಾಗಿದ್ದ ಉತ್ತಂಗಿ ಚನ್ನಪ್ಪನವರು ಊರೂರು ಅಲೆದು ಸರ್ವಜ್ಞನ ವಚನಗಳನ್ನು ಕಲೆಹಾಕಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಕ್ರಿಸ್ತನಿಗೆ ಪೂರ್ತಿಯಾಗಿ ಒಲಿದವರು ನೆಲದ ನುಡಿಗೆ ಬೆನ್ನು ತಿರುಗಿಸಬೇಕಾಗಿಲ್ಲ ಎಂದು ಅವರು ಬದುಕಿ ತೋರಿಸಿದರು.

ಪರೀಕ್ಷೆಯ ಕಾಲ

ಮನಸ್ಸು ಪೂರ್ತಿ ಒಪ್ಪಿಸಿದೆಯೋ ಅರ್ಧವೋ ಎಂಬುದು ಗೊತ್ತಾಗುವುದು ಕಷ್ಟಕಾಲದಲ್ಲಿ. ಒಮ್ಮೆ ಪಾದ್ರಿಯಾಗಲು ತಕ್ಕವರಲ್ಲ ಎನಿಸಿಕೊಂಡಿದ್ದ ಥಾಮಸ್ 1968ರಿಂದ 1975ರವರೆಗೆ ಚರ್ಚುಗಳ ಜಾಗತಿಕ ಮಂಡಳಿಯ ಕೇಂದ್ರ ಸಮಿತಿಗೆ ಅಧ್ಯಕ್ಷರಾಗಿದ್ದರು. ಆ ಗೌರವದ ನೆರಳಲ್ಲಿ ಸುಮ್ಮನೆ ಇದ್ದುಬಿಡಬಹುದಿತ್ತು. 1975ರ ಜೂನ್‌ನಲ್ಲಿ ದೇಶದ ಮೇಲೆ ತುರ್ತು ಪರಿಸ್ಥಿತಿ ಬಂತು. ಸಭೆಗಳ ನಾಯಕರಲ್ಲಿ ಅನೇಕರು ಬಾಯಿ ಕಟ್ಟಿಕೊಂಡರು; ಕೆಲವರು ಅದನ್ನು ಸ್ವಾಗತಿಸಿದರು. ಅಲ್ಪಸಂಖ್ಯಾತರು ಸರ್ಕಾರವನ್ನು ಎದುರು ಹಾಕಿಕೊಂಡರೆ ಶಾಲೆ, ಆಸ್ಪತ್ರೆಗಳ ಗತಿಯೇನು ಎಂಬ ಭಯ ಸುಳ್ಳೇನಲ್ಲ. ಆದರೂ ಥಾಮಸ್ ಬರೆದರು. ಆ ದಿನಗಳ ಅವರ ಬರಹಗಳು 1979ರಲ್ಲಿ ಪುಸ್ತಕವಾಗಿ ಬಂದವು.

ಅವರ ವಿಚಾರಗಳನ್ನು ಎಲ್ಲರೂ ಒಪ್ಪಿದರೆಂದಲ್ಲ. ಮನುಷ್ಯನ ಘನತೆಗಾಗಿ ನಡೆಯುವ ಹೋರಾಟಕ್ಕೂ ರಕ್ಷಣೆಗೂ ನಂಟಿದೆ ಎಂದು ಅವರು ಹೇಳಿದಾಗ, ಹೀಗಾದರೆ ಸಭೆಯ ಮಾತೇ ಮಸುಕಾದೀತು ಎಂದು ಆಕ್ಷೇಪಿಸಿದವರಲ್ಲಿ ಆಗ ಮದ್ರಾಸಿನ ಬಿಷಪ್ಪರಾಗಿದ್ದ ಲೆಸ್ಲಿ ನ್ಯೂಬಿಗಿನ್ ಪ್ರಮುಖರು. ಇಬ್ಬರೂ ಸ್ನೇಹಿತರು. ಇಬ್ಬರ ವಾದದಲ್ಲೂ ಹುರುಳಿತ್ತು. ಸಂಘಟಿತ ಸಭೆಯಿಲ್ಲದೆ ನಂಬಿಕೆ ತಲೆಮಾರು ದಾಟುವುದು ಕಷ್ಟ. ನೆರೆಯವನ ಗೋಳು ಕೇಳಿಸದ ಸಭೆಯಾದರೆ ದಾಟಿಸುವುದಕ್ಕೆ ಅದರ ಬಳಿ ಏನು ಉಳಿದೀತು?

1990ರಲ್ಲಿ ಥಾಮಸ್ ನಾಗಾಲ್ಯಾಂಡಿನ ರಾಜ್ಯಪಾಲರಾದರು. 1992ರಲ್ಲಿ ಮುಖ್ಯಮಂತ್ರಿಯ ಸಲಹೆಯಂತೆ ವಿಧಾನಸಭೆಯನ್ನು ವಿಸರ್ಜಿಸಿದ್ದು ಕೇಂದ್ರಕ್ಕೆ ಹಿಡಿಸಲಿಲ್ಲ, ಹುದ್ದೆ ಹೋಯಿತು. 1996ರ ಡಿಸೆಂಬರ್‌ನಲ್ಲಿ ಅವರು ಕಣ್ಣು ಮುಚ್ಚಿದರು.

ಪೂರ್ಣ ಸಮರ್ಪಣೆ ಎಂದೊಡನೆ ಕಾವಿ, ನಿಲುವಂಗಿ, ಮಠ, ಮಂದಿರಗಳು ನೆನಪಾಗುವುದು ಸಹಜ. ದೀಕ್ಷೆಯಿಲ್ಲದ, ಪಕ್ಷವಿಲ್ಲದ ಈ ಮನುಷ್ಯ ಅದಕ್ಕೆ ಇನ್ನೊಂದು ರೂಪ ಕೊಟ್ಟರು. ದೇವರಿಗೆ ಕೊಟ್ಟ ಮನಸ್ಸನ್ನು ಮನುಷ್ಯರಿಂದ ಹಿಂದಕ್ಕೆ ಪಡೆಯಬೇಕಾಗಿಲ್ಲ; ಎರಡೂ ಕಡೆ ಬೈಸಿಕೊಳ್ಳುವ ಧೈರ್ಯವೊಂದಿದ್ದರೆ ಸಾಕು.