ಲಿನಕ್ಸ್ ಹಾಕಿದ್ದಾಯಿತು, ಫೈರ್‌ವಾಲ್ ಬೇಡವೇ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲದ ಗಡುವು ಮುಗಿಯಿತು. ವಿಂಡೋಸ್ 11 ಹಿಡಿಸದ ಹಳೆಯ ಲ್ಯಾಪ್‌ಟಾಪನ್ನು ಗುಜರಿಗೆ ಹಾಕಲು ಮನಸ್ಸು ಬಾರದವರಿಗೆ ಲಿನಕ್ಸ್ ಮಿಂಟ್, ಉಬುಂಟು, ಫೆಡೋರಾಗಳು ಆಸರೆಯಾಗಿ ಕಂಡವು. ಹಾಗೆ ಬಂದವರು ಇನ್‌ಸ್ಟಾಲ್ ಮುಗಿದ ಕೂಡಲೇ ಕೇಳುವ ಪ್ರಶ್ನೆ: ಇದಕ್ಕೆ ಯಾವ ಫೈರ್‌ವಾಲ್ ಹಾಕಬೇಕು?

ಪ್ರಶ್ನೆಯ ಹಿಂದೆ ಹಳೆಯ ಪೆಟ್ಟಿನ ನೆನಪಿದೆ. 2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್ ಎಂಬ ವರ್ಮ್ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರುಗಳಿಗೆ 135ನೇ ಪೋರ್ಟ್ (ನೆಟ್‌ವರ್ಕ್ ಬಾಗಿಲು) ಮೂಲಕ ನುಗ್ಗಿತು. ಯಾರೂ ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ, ಇಂಟರ್ನೆಟ್‌ಗೆ ಜೋಡಿಸಿದ್ದರೆ ಸಾಕಿತ್ತು. ತಮಾಷೆಯೆಂದರೆ ಎಕ್ಸ್‌ಪಿಯಲ್ಲಿ ಫೈರ್‌ವಾಲ್ ಮೊದಲೇ ಇತ್ತು, ಆದರೆ ಆಫ್ ಆಗಿತ್ತು. ಅದು ತಾನಾಗಿ ಆನ್ ಆಗಿ ಬರುವಂತಾದದ್ದು 2004ರ ಸರ್ವಿಸ್ ಪ್ಯಾಕ್ 2ರಲ್ಲಿ. ಅಷ್ಟರೊಳಗೆ ಝೋನ್‌ಅಲಾರ್ಮ್‌ನಂಥ ಫೈರ್‌ವಾಲ್ ತಂತ್ರಾಂಶ ಹಾಕಿಕೊಳ್ಳುವುದು ಜನರಿಗೆ ರೂಢಿಯಾಗಿಬಿಟ್ಟಿತ್ತು.

ಲಿನಕ್ಸ್‌ನಲ್ಲಿ ಫೈರ್‌ವಾಲ್ ಇರುವುದು ಅದರ ತಿರುಳಾದ ಕರ್ನಲ್‌ನ ಒಳಗೇ. ನೆಟ್‌ಫಿಲ್ಟರ್ ಎಂಬ ಈ ವ್ಯವಸ್ಥೆ 2001ರ ಕರ್ನಲ್ 2.4ರಿಂದಲೂ ಇದೆ. ಐಪಿಟೇಬಲ್ಸ್, 2014ರಲ್ಲಿ ಬಂದ ಎನ್‌ಎಫ್‌ಟೇಬಲ್ಸ್, ಉಬುಂಟು-ಮಿಂಟ್‌ಗಳ ಯುಎಫ್‌ಡಬ್ಲ್ಯೂ, ಫೆಡೋರಾದ ಫೈರ್‌ವಾಲ್‌ಡಿ ಇವೆಲ್ಲ ಕರ್ನಲ್‌ಗೆ ನಿಯಮ ಹೇಳುವ ಬೇರೆ ಬೇರೆ ದಾರಿಗಳಷ್ಟೆ. ಇನ್ನೊಂದನ್ನು ತಂದು ಹಾಕಿದರೆ ರಕ್ಷಣೆ ಇಮ್ಮಡಿಯಾಗುವುದಿಲ್ಲ, ಗೊಂದಲ ಇಮ್ಮಡಿಯಾಗುತ್ತದೆ.

ಇರುವುದು ಆನ್ ಆಗಿದೆಯೇ ಎಂಬುದು ಬೇರೆ ಮಾತು. ಫೆಡೋರಾದಲ್ಲಿ ಆಗಿರುತ್ತದೆ. ಉಬುಂಟು ಡೆಸ್ಕ್‌ಟಾಪ್‌ನಲ್ಲಿ ಯುಎಫ್‌ಡಬ್ಲ್ಯೂ ಇದ್ದರೂ ಆಫ್ ಆಗಿರುತ್ತದೆ. ಹೊರಗಿನ ಕರೆಗೆ ಕಿವಿಗೊಟ್ಟು ಕೂತ ಪ್ರೋಗ್ರಾಮೇ ಇಲ್ಲದಿದ್ದರೆ ತಡೆಯುವುದಕ್ಕೆ ಏನಿದೆ ಎಂಬುದು ಇದರ ಹಿಂದಿನ ತರ್ಕ. ಹಾಗಾಗಿ ಇನ್‌ಸ್ಟಾಲ್ ಆದಾಗ, ಕೆಲವು ಅಪವಾದ ಬಿಟ್ಟರೆ, ಯಾವ ಪೋರ್ಟೂ ತೆರೆದಿರಬಾರದೆಂಬುದು ಉಬುಂಟುವಿನ ನೀತಿ.

ತರ್ಕ ಸರಿಯೇ. ಆದರೆ 2024ರ ಸೆಪ್ಟೆಂಬರ್‌ನಲ್ಲಿ ಅದರ ಬಿರುಕು ಬಯಲಾಯಿತು. ನೆಟ್‌ವರ್ಕ್‌ನಲ್ಲಿರುವ ಪ್ರಿಂಟರುಗಳನ್ನು ಹುಡುಕಿಕೊಡುವ ಕಪ್ಸ್-ಬ್ರೌಸ್ಡ್ ಎಂಬ ಸೇವೆ 631ನೇ ಯುಡಿಪಿ ಪೋರ್ಟ್‌ನಲ್ಲಿ ಯಾರು ಕರೆದರೂ ಓಗೊಡುತ್ತಿತ್ತು. ದುರುಳನೊಬ್ಬ ಒಂದು ಪ್ಯಾಕೆಟ್ ಕಳಿಸಿ ಸುಳ್ಳು ಪ್ರಿಂಟರ್ ಸೇರಿಸಬಹುದಿತ್ತು. ಮಾಲೀಕ ಅದಕ್ಕೆ ಪ್ರಿಂಟ್ ಕೊಟ್ಟರೆ ಆ ದುರುಳನ ಆದೇಶ ಕಂಪ್ಯೂಟರಿನಲ್ಲಿ ಓಡುತ್ತಿತ್ತು. ಇಟಲಿಯ ಸಂಶೋಧಕ ಸಿಮೋನೆ ಮಾರ್ಗರಿಟೆಲ್ಲಿ ಈ ದೋಷಗಳನ್ನು ಬಯಲಿಗೆಳೆದರು. ಯುಎಫ್‌ಡಬ್ಲ್ಯೂ ಆನ್ ಮಾಡಿಕೊಂಡಿದ್ದವರಲ್ಲಿ ಆ ಪ್ಯಾಕೆಟ್ ಬಾಗಿಲಲ್ಲೇ ಬಿದ್ದುಹೋಗುತ್ತಿತ್ತು.

ಮನೆಯಲ್ಲಿ ರೂಟರ್ ಇದೆಯಲ್ಲ ಎನ್ನಬಹುದು. ನಿಜ, ಹಳೆಯ ವಿಳಾಸ ಪದ್ಧತಿಯಾದ ಐಪಿವಿ4ರಲ್ಲಿ ಮನೆಮಂದಿಯ ಸಾಧನಗಳೆಲ್ಲ ಒಂದೇ ಹೊರವಿಳಾಸದ ಮರೆಯಲ್ಲಿರುವುದರಿಂದ ಕರೆಯದೆ ಬಂದ ಪ್ಯಾಕೆಟ್ ಸಾಮಾನ್ಯವಾಗಿ ಒಳಗೆ ಬರುವುದಿಲ್ಲ. ಆದರೆ ಹೊಸ ಪದ್ಧತಿಯಾದ ಐಪಿವಿ6 ಬಳಕೆಯಲ್ಲಿ ಭಾರತ ಮುಂಚೂಣಿಯಲ್ಲಿದೆ. ಅಲ್ಲಿ ಪ್ರತಿ ಸಾಧನಕ್ಕೂ ತನ್ನದೇ ಸಾರ್ವಜನಿಕ ವಿಳಾಸ ಸಿಗುತ್ತದೆ, ಆ ಮರೆ ಇರುವುದಿಲ್ಲ. ಆಗ ಎಲ್ಲವೂ ರೂಟರ್‌ನ ಸ್ವಂತ ಫೈರ್‌ವಾಲನ್ನು ನೆಚ್ಚಿಕೊಂಡಿರುತ್ತದೆ. ಲ್ಯಾಪ್‌ಟಾಪ್ ಹಾಸ್ಟೆಲ್, ಲಾಡ್ಜ್, ರೈಲು ನಿಲ್ದಾಣಗಳ ವೈಫೈಗೆ ಹೋದಾಗಲಂತೂ ಮನೆಯ ರೂಟರ್ ಜೊತೆಗೆ ಬರುವುದಿಲ್ಲ.

ಆದ್ದರಿಂದ ಇರುವುದನ್ನು ಆನ್ ಮಾಡಿಕೊಳ್ಳುವುದೇ ಲೇಸು. ಮಿಂಟ್‌ನ ಮೆನುವಿನಲ್ಲಿ ಫೈರ್‌ವಾಲ್ ಎಂಬ ಕಿಟಕಿಯೇ ಇದೆ, ಒಂದು ಗುಂಡಿ ಜಾರಿಸಿದರೆ ಮುಗಿಯಿತು. ಉಬುಂಟುವಿನ ಟರ್ಮಿನಲ್‌ನಲ್ಲಿ ‘ಸುಡೋ ಯುಎಫ್‌ಡಬ್ಲ್ಯೂ ಎನೇಬಲ್’ ಎಂಬ ಒಂದು ಸಾಲು. ಅಲ್ಲಿಂದ ಮುಂದೆ ಒಳಬರುವ ಕರೆಗೆ ತಡೆ, ಹೊರಹೋಗುವುದಕ್ಕೆ ಅನುಮತಿ. ಬ್ರೌಸಿಂಗ್, ಯೂಟ್ಯೂಬ್, ಬ್ಯಾಂಕಿಂಗ್ ಯಾವುದಕ್ಕೂ ಅಡ್ಡಿಯಿಲ್ಲ. ಫೋನನ್ನು ಜೋಡಿಸುವ ಕೆಡಿಇ ಕನೆಕ್ಟ್ ಮೌನವಾದರೆ 1714ರಿಂದ 1764ರವರೆಗಿನ ಪೋರ್ಟ್‌ಗಳಿಗೆ ದಾರಿ ಬಿಡಬೇಕು. ಡಾಕರ್ ಬಳಸುವವರು ಮಾತ್ರ ಎಚ್ಚರ: ಡಾಕರ್ ತನ್ನ ನಿಯಮಗಳನ್ನು ತಾನೇ ಬರೆದುಕೊಳ್ಳುವುದರಿಂದ ಅದು ತೆರೆದ ಪೋರ್ಟ್ ಯುಎಫ್‌ಡಬ್ಲ್ಯೂ ತಡೆಯನ್ನು ದಾಟಿಹೋಗುತ್ತದೆ.

ಮಾಲೀಕರೇ ಕೈಯಾರೆ ಒಳಗೆ ಬಿಟ್ಟುಕೊಂಡದ್ದನ್ನು ಇದ್ಯಾವುದೂ ತಡೆಯದು. 2016ರ ಫೆಬ್ರುವರಿ 20ರಂದು ಮಿಂಟ್‌ನ ಜಾಲತಾಣಕ್ಕೇ ಕನ್ನ ಹಾಕಿದವರು ಡೌನ್‌ಲೋಡ್ ಕೊಂಡಿಯನ್ನು ಬದಲಿಸಿ ಹಿಂಬಾಗಿಲಿದ್ದ ಐಎಸ್‌ಒ (ಇನ್‌ಸ್ಟಾಲ್ ಕಡತ) ಹಂಚಿದ್ದರು. 2025ರ ಜುಲೈನಲ್ಲಿ ಆರ್ಚ್ ಲಿನಕ್ಸ್‌ನ ಬಳಕೆದಾರರ ಭಂಡಾರದಲ್ಲಿ ಫೈರ್‌ಫಾಕ್ಸ್ ಹೆಸರಿನ ಸೋಗಿನಲ್ಲಿ ಕಂಪ್ಯೂಟರನ್ನು ದೂರದಿಂದ ವಶಪಡಿಸಿಕೊಳ್ಳುವ ಮಾಲ್‌ವೇರ್ ಸಿಕ್ಕಿತು. ಇಂಥವು ಹೊರಗಿನ ಕರೆಗೆ ಕಾಯಬೇಕಿಲ್ಲ. ಒಳಗಿನಿಂದ ತಾವೇ ಹೊರಗೆ ಕರೆ ಮಾಡಬಲ್ಲವು.

ಹೊರಹೋಗುವ ಪ್ರತಿಯೊಂದು ಸಂಪರ್ಕಕ್ಕೂ ಅಪ್ಪಣೆ ಕೇಳುವ ಓಪನ್‌ಸ್ನಿಚ್ ಎಂಬ ತಂತ್ರಾಂಶವಿದೆ, ಹುಟ್ಟುಹಾಕಿದ್ದು ಅದೇ ಮಾರ್ಗರಿಟೆಲ್ಲಿ. ಕುತೂಹಲಿಗಳಿಗೆ ಒಳ್ಳೆಯ ಪಾಠ. ಉಳಿದವರಿಗೆ ಪದೇ ಪದೇ ಬರುವ ಪ್ರಶ್ನೆಗಳಿಂದ ಬೇಸರ ಹುಟ್ಟಿ, ಕಡೆಗೆ ಓದದೆಯೇ ‘ಅಲೋ’ ಒತ್ತುವ ಚಟ ಅಂಟಿಕೊಳ್ಳುತ್ತದೆ. ಮನೆಬಳಕೆಗೆ ಅದು ಅನಿವಾರ್ಯವಲ್ಲ. ಅಷ್ಟು ಶ್ರಮವನ್ನು ಐಎಸ್‌ಒ ಕಡತದ ಸಹಿ ಪರಿಶೀಲಿಸಲು, ತಂತ್ರಾಂಶವನ್ನು ನಿಮ್ಮ ಲಿನಕ್ಸ್‌ನ ಸ್ವಂತ ಭಂಡಾರದಿಂದಲೇ ಇಳಿಸಿಕೊಳ್ಳಲು, ಅಪ್‌ಡೇಟ್ ಸೂಚನೆ ಬಂದ ದಿನವೇ ಅದನ್ನು ಹಾಕಿಕೊಳ್ಳಲು ಬಳಸಿ.