ಶುಗರ್ ಇದ್ದವರಿಗೆ ಆರೋಗ್ಯ ವಿಮೆ ಸಿಗುವುದಿಲ್ಲವೇ?

ಬಿಪಿ, ಶುಗರ್, ಥೈರಾಯ್ಡ್ ಇರುವವರಲ್ಲಿ ಕೆಲವರು ‘ನಮಗೆಲ್ಲಿ ವಿಮೆ ಕೊಡ್ತಾರೆ’ ಎಂದು ಸುಮ್ಮನಾಗುತ್ತಾರೆ. ಇನ್ನು ಕೆಲವರು ಕಾಯಿಲೆ ಮುಚ್ಚಿಟ್ಟು ಪಾಲಿಸಿ ಮಾಡಿಸುತ್ತಾರೆ. ಎರಡೂ ದಾರಿಯಲ್ಲಿ ನಷ್ಟ ಅವರದೇ. ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ 2024ರಲ್ಲಿ ತಂದ ನಿಯಮಗಳ ಬೆಳಕಿನಲ್ಲಿ ಕೆಲವು ನಂಬಿಕೆಗಳನ್ನು ಪರೀಕ್ಷಿಸೋಣ.

ತಪ್ಪು ಕಲ್ಪನೆ: ಹುಟ್ಟಿದಾಗಿನಿಂದ ಬಂದುಹೋದ ಕಾಯಿಲೆಗಳೆಲ್ಲ ‘ಮೊದಲೇ ಇದ್ದ ಕಾಯಿಲೆ’.
ಸತ್ಯ: ಪಾಲಿಸಿ ಆರಂಭಕ್ಕೆ ಹಿಂದಿನ 36 ತಿಂಗಳಲ್ಲಿ ವೈದ್ಯರು ಪತ್ತೆಹಚ್ಚಿದ್ದು, ಅಥವಾ ಆ ಅವಧಿಯಲ್ಲಿ ಸಲಹೆ, ಚಿಕಿತ್ಸೆ ಪಡೆದದ್ದು ಮಾತ್ರ ಈ ವ್ಯಾಖ್ಯೆಗೆ ಸೇರುತ್ತದೆ. ಹತ್ತು ವರ್ಷದ ಹಿಂದೆ ಅಪೆಂಡಿಕ್ಸ್ ತೆಗೆಸಿ ಆಮೇಲೆ ಆ ಕಾರಣಕ್ಕೆ ವೈದ್ಯರ ಮುಖ ನೋಡದಿದ್ದರೆ ಅದು ಇದರೊಳಗೆ ಬರುವುದಿಲ್ಲ. ಹತ್ತು ವರ್ಷದ ಹಿಂದೆ ಶುರುವಾದ ಶುಗರ್‌ಗೆ ಇಂದಿಗೂ ಮಾತ್ರೆ ನುಂಗುತ್ತಿದ್ದರೆ ಬರುತ್ತದೆ. ಆದರೆ ಪಾಲಿಸಿ ಕೇಳಿ ತುಂಬುವ ಪ್ರೊಪೋಸಲ್ ಫಾರ್ಮ್‌ನಲ್ಲಿ ಹಳೆಯ ಶಸ್ತ್ರಚಿಕಿತ್ಸೆಯ ಬಗ್ಗೆ ಕೇಳಿದ್ದರೆ ಅದನ್ನೂ ಬರೆಯಲೇಬೇಕು.

ತಪ್ಪು ಕಲ್ಪನೆ: ಶುಗರ್ ಇದ್ದರೆ ಮೂರು ವರ್ಷ ಪಾಲಿಸಿಯಿಂದ ಏನೂ ಸಿಗದು.
ಸತ್ಯ: ಮೊದಲೇ ಇದ್ದ ಕಾಯಿಲೆಗೆ ಆರಂಭದಲ್ಲಿ ಕ್ಲೇಮು ಸಿಗದ ‘ಕಾಯುವ ಅವಧಿ’ ಇರುತ್ತದೆ. ಅದು ಅನ್ವಯಿಸುವುದು ಆ ಕಾಯಿಲೆಗೆ ಮತ್ತು ಅದರಿಂದಲೇ ನೇರವಾಗಿ ಉಂಟಾಗುವ ತೊಡಕುಗಳಿಗೆ ಮಾತ್ರ. ಅಪಘಾತಕ್ಕೆ ಮೊದಲ ದಿನದಿಂದಲೇ ರಕ್ಷಣೆ ಇರುತ್ತದೆ. ಸಾಮಾನ್ಯವಾಗಿ ಮೊದಲ 30 ದಿನ ಕಳೆದ ಮೇಲೆ ಡೆಂಗಿಯಂಥ ಜ್ವರಕ್ಕೂ ಕ್ಲೇಮು ಸಿಗುತ್ತದೆ. ಹರ್ನಿಯಾ, ಕಣ್ಣಿನ ಪೊರೆಯಂಥ ಕೆಲವಕ್ಕೆ ಪ್ರತ್ಯೇಕ ಕಾಯುವಿಕೆ ಇರಬಹುದು. ಈ ಅವಧಿಗಳು 36 ತಿಂಗಳು ಮೀರುವಂತಿಲ್ಲ. ಹಳೆಯ ನಿಯಮದಲ್ಲಿ 48 ಇತ್ತು. ಉದ್ಯೋಗದಾತರ ಗುಂಪು ವಿಮೆಯಲ್ಲಿ ಹೆಚ್ಚಾಗಿ ಈ ಕಾಯುವಿಕೆಯೇ ಇರುವುದಿಲ್ಲ. ಆಯುಷ್ಮಾನ್ ಭಾರತ್ ಯೋಜನೆಯಲ್ಲೂ ಮೊದಲೇ ಇದ್ದ ಕಾಯಿಲೆಗೆ ಮೊದಲ ದಿನದಿಂದ ರಕ್ಷಣೆಯಿದೆ.

ತಪ್ಪು ಕಲ್ಪನೆ: ವೈದ್ಯಕೀಯ ಪರೀಕ್ಷೆ ಕೇಳಲಿಲ್ಲ, ಫಾರ್ಮ್ ತುಂಬಿದ್ದು ಏಜೆಂಟ್, ಜವಾಬ್ದಾರಿ ನನ್ನದಲ್ಲ.
ಸತ್ಯ: ಸಹಿ ಅಥವಾ ಒಟಿಪಿ ನಿಮ್ಮದಾದ ಮೇಲೆ ಉತ್ತರವೂ ನಿಮ್ಮದೇ. ಆಸ್ಪತ್ರೆಗೆ ಸೇರಿದಾಗ ‘ಎಷ್ಟು ವರ್ಷದಿಂದ ಶುಗರ್?’ ಎಂದು ವೈದ್ಯರು ಕೇಳುತ್ತಾರೆ. ನೀವು ಹೇಳಿದ್ದು ಕೇಸ್ ಶೀಟ್ ಸೇರುತ್ತದೆ. ಕ್ಲೇಮು ಪರಿಶೀಲಿಸುವವರು ಅದನ್ನೂ ಫಾರ್ಮನ್ನೂ ಎದುರುಬದುರು ಇಟ್ಟು ನೋಡುತ್ತಾರೆ. ಪಾಲಿಸಿ ಕೈಸೇರಿದ 30 ದಿನದೊಳಗೆ ಅದನ್ನು ಹಿಂತಿರುಗಿಸುವ ಅವಕಾಶವಿದೆ. ಅಷ್ಟರೊಳಗೆ ಫಾರ್ಮ್‌ನ ಪ್ರತಿಯನ್ನು ಓದಿ, ತಪ್ಪಿದ್ದರೆ ಬರಹದಲ್ಲೇ ತಿಳಿಸಿ.

ತಪ್ಪು ಕಲ್ಪನೆ: ಕಾಯಿಲೆ ಹೇಳಿಕೊಂಡರೆ ಅದನ್ನೇ ನೆಪ ಮಾಡಿ ಕ್ಲೇಮು ತಿರಸ್ಕರಿಸುತ್ತಾರೆ.
ಸತ್ಯ: ಹೇಳಿಕೊಂಡದ್ದೇ ನಿಮ್ಮ ರಕ್ಷಣೆ. ಅಮೆರಿಕಕ್ಕೆ ಹೊರಟವರೊಬ್ಬರು ಪ್ರವಾಸ ವಿಮೆಯ ಫಾರ್ಮ್‌ನಲ್ಲಿ ಮಧುಮೇಹ ಇದೆಯೆಂದು ಬರೆದಿದ್ದರು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿದಾಗ ಹೃದಯಾಘಾತವಾಯಿತು; ಕಂಪನಿ ಹಣ ಕೊಡಲಿಲ್ಲ. ಆರೋಗ್ಯ ಸ್ಥಿತಿಯನ್ನು ತೂಗಿ ನೋಡಿ ಪಾಲಿಸಿ ಕೊಟ್ಟ ಮೇಲೆ, ಫಾರ್ಮ್‌ನಲ್ಲಿ ತಿಳಿಸಿದ್ದ ಕಾಯಿಲೆಯನ್ನೇ ಮುಂದೆ ಮಾಡಿ ಕ್ಲೇಮು ನಿರಾಕರಿಸಲಾಗದು ಎಂದು ಸುಪ್ರೀಂ ಕೋರ್ಟ್ 2021ರ ಡಿಸೆಂಬರ್‌ನಲ್ಲಿ ತೀರ್ಪಿತ್ತಿತು. ಕಾಯಿಲೆ ತಿಳಿಸಿದರೆ ಪ್ರೀಮಿಯಂ ಹೆಚ್ಚಬಹುದು, ಒಂದು ಕಂಪನಿ ಬೇಡವೆನ್ನಲೂಬಹುದು. ಆಗ ಇನ್ನೊಂದನ್ನು ಕೇಳಿ.

ತಪ್ಪು ಕಲ್ಪನೆ: ಐದು ವರ್ಷ ಕಳೆದರೆ ಮುಚ್ಚಿಟ್ಟದ್ದೆಲ್ಲ ಮಾಫಿ.
ಸತ್ಯ: ಸತತ 60 ತಿಂಗಳು ನವೀಕರಿಸಿದ ಪಾಲಿಸಿಯನ್ನು ಮಾಹಿತಿ ಮುಚ್ಚಿಟ್ಟರೆಂಬ ಕಾರಣಕ್ಕೆ ಪ್ರಶ್ನಿಸುವಂತಿಲ್ಲ, ನಿಜ. ಆದರೆ ವಂಚನೆ ಸಾಬೀತಾದರೆ ಈ ರಕ್ಷಣೆ ಇಲ್ಲ. ವಿಮಾ ಮೊತ್ತ ಏರಿಸಿದರೆ ಏರಿಸಿದ ಭಾಗಕ್ಕೆ ಎಣಿಕೆ ಹೊಸದಾಗಿ ಶುರುವಾಗುತ್ತದೆ.

ತಪ್ಪು ಕಲ್ಪನೆ: ಕಂಪನಿ ಬದಲಿಸಿದರೆ ಕಾಯುವಿಕೆ ಮತ್ತೆ ಮೊದಲಿನಿಂದ.
ಸತ್ಯ: ಪೋರ್ಟ್ ಮಾಡಿದರೆ, ಅಂದರೆ ಇದ್ದ ಪಾಲಿಸಿಯನ್ನೇ ಇನ್ನೊಂದು ಕಂಪನಿಗೆ ವರ್ಗಾಯಿಸಿಕೊಂಡರೆ, ಕಾಯ್ದ ತಿಂಗಳುಗಳು ಹಳೆಯ ವಿಮಾ ಮೊತ್ತದ ಮಟ್ಟಿಗೆ ಜೊತೆಗೇ ಬರುತ್ತವೆ. ನವೀಕರಣ ತಪ್ಪಿಸಿದರೆ ಮಾತ್ರ ಕಳೆದುಹೋಗುತ್ತವೆ.

ಕ್ಲೇಮು ತಿರಸ್ಕೃತವಾದರೆ ಕಾರಣವನ್ನು ಬರಹದಲ್ಲಿ ಪಡೆದು ಮೊದಲು ಕಂಪನಿಗೇ ದೂರು ಕೊಡಿ. ತಿಂಗಳೊಳಗೆ ಉತ್ತರ ಬಾರದಿದ್ದರೆ, ಬಂದದ್ದು ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು, ಶುಲ್ಕವಿಲ್ಲ. ಅಲ್ಲಿಯೂ ಮೊದಲು ಬಿಚ್ಚುವುದು ನಿಮ್ಮ ಪ್ರೊಪೋಸಲ್ ಫಾರ್ಮನ್ನೇ. ಅದನ್ನು ನೀವೇ ತುಂಬಿ, ಕಾಯಿಲೆಯನ್ನು ಹೆಸರಿಟ್ಟು ಬರೆಯಿರಿ.