ಹೊರಗಿನಿಂದ ಹತ್ತಿದ ಜಂಗು

ಕಲ್ಲೋಳಿಯ ಹೊಲದಲ್ಲಿ ಬೋರ್ ಹೊಡೆಸಿದರೆ ಮೇಲಿನ ಮಣ್ಣು ಕುಸಿಯದಂತೆ ಕೇಸಿಂಗ್ ಪೈಪು ಇಳಿಸುತ್ತಾರೆ. ಗಟ್ಟಿ ಕಲ್ಲು ಹತ್ತಿದರೆ ಪೈಪಿನ ಕೆಲಸ ಅಲ್ಲಿಗೆ ಮುಗಿಯಿತು. ಘಟಪ್ರಭಾ ಕಾಲುವೆ ಈ ಸೀಮೆಗೆ ಕಬ್ಬು ತಂದಿತು, ಕೆಲವೆಡೆ ಸವಳನ್ನೂ ತಂದಿತು. ಉಪ್ಪುನೀರಿನಲ್ಲಿ ಕಬ್ಬಿಣದ ಪೈಪಿಗೆ ಜಂಗು ಬೇಗ ಹತ್ತುತ್ತದೆ. ಪ್ಲಾಸ್ಟಿಕ್ ಪೈಪಿಗೆ ಆ ಕಾಟವಿಲ್ಲ. ಆದರೆ ಬಾವಿಯಲ್ಲಿ ನೀರಿನ ಬದಲು ಭಾರೀ ಒತ್ತಡದ ಅನಿಲವಿದ್ದರೆ ಪ್ಲಾಸ್ಟಿಕ್ ತಾಳುವುದಿಲ್ಲ, ಉಕ್ಕೇ ಬೇಕು.

ಅಂಥದೊಂದು ಬಾವಿ ಅಮೆರಿಕದ ಲಾಸ್ ಏಂಜಲೀಸ್ ಬಳಿಯ ಅಲಿಸೊ ಕ್ಯಾನಿಯನ್‌ನಲ್ಲಿತ್ತು. ಹೆಸರು ಎಸ್‌ಎಸ್-25. 1953ರಲ್ಲಿ ಅದನ್ನು ತೋಡಿದ್ದು ಎಣ್ಣೆಗಾಗಿ. ಎಣ್ಣೆ ತೆಗೆದ ನಂತರ ಅದೇ ಕಲ್ಲಿನ ಪದರದಲ್ಲಿ ಅನಿಲ ತುಂಬಿಟ್ಟು, ಬೇಕಾದಾಗ ಎತ್ತತೊಡಗಿದರು. 1973ರಿಂದ ಈ ಬಾವಿಯೂ ಆ ಕೆಲಸಕ್ಕೆ ಬಂತು. ಎಡವಟ್ಟಾಗಿದ್ದು ಇಲ್ಲೇ: ಅನಿಲವನ್ನು ಒಳಗಿನ ಸಣ್ಣ ಪೈಪಿನಲ್ಲಷ್ಟೇ ಅಲ್ಲ, ಅದರ ಸುತ್ತಲಿನ ಸಂದಿನಲ್ಲೂ ಹರಿಸಿದರು. ಹೀಗಾಗಿ 7 ಇಂಚಿನ ಕೇಸಿಂಗೇ ಅನಿಲವನ್ನು ತಡೆಯುವ ಏಕೈಕ ಗೋಡೆಯಾಯಿತು.

ಆ ಕೇಸಿಂಗಿನ ಮೇಲ್ಭಾಗಕ್ಕೆ ಸಿಮೆಂಟಿನ ಕವಚ ಇರಲಿಲ್ಲ. ಅಲ್ಲಿ ಅದರ ಹೊರಗಿದ್ದ ಇನ್ನೊಂದು ಪೈಪಿಗೂ ಅದಕ್ಕೂ ನಡುವೆ ಅಂತರ್ಜಲ ಸೇರಿತು. ಆ ನೀರಿನ ಸೂಕ್ಷ್ಮಜೀವಿಗಳು ಉಕ್ಕನ್ನು ಹೊರಗಿನಿಂದ ತಿಂದವು. ಪೈಪಿನ ಗೋಡೆ ಅರ್ಧ ಸವೆದರೆ, ಅದೇ ಒತ್ತಡಕ್ಕೆ ಉಳಿದ ಉಕ್ಕಿನ ಮೇಲೆ ಬೀಳುವ ಬಿಗಿತ ಇಮ್ಮಡಿ. ಪೈಪಿಡೀ ಸವೆಯಬೇಕಿಲ್ಲ, ಒಂದೇ ಕಡೆ ಆಳವಾಗಿ ತಿಂದರೆ ಸಾಕು. 2015ರ ಅಕ್ಟೋಬರ್ 23ರಂದು ಸೋರಿಕೆ ಕಣ್ಣಿಗೆ ಬಿತ್ತು. ಸುಮಾರು 272 ಮೀಟರ್ ಆಳದಲ್ಲಿ ಕೇಸಿಂಗ್ ಉಬ್ಬಿ, ಉದ್ದಕ್ಕೆ ಸೀಳಿತ್ತು. ನುಗ್ಗಿದ ಅನಿಲದ ಚಳಿಗೆ ಉಕ್ಕು ಪೆಡಸಾಗಿ ಅಡ್ಡಲಾಗಿಯೂ ತುಂಡರಿಸಿತ್ತು. ಮೇಲಿನಿಂದ ಮುಚ್ಚುವ 7 ಯತ್ನ ವಿಫಲವಾದವು. ಪಕ್ಕದಿಂದ ಇನ್ನೊಂದು ಬಾವಿ ಕೊರೆದು 2016ರ ಫೆಬ್ರುವರಿಯಲ್ಲಿ ಮುಚ್ಚುವಷ್ಟರಲ್ಲಿ ಸುಮಾರು 1 ಲಕ್ಷ ಟನ್ ಮಿಥೇನ್ ಗಾಳಿ ಸೇರಿತ್ತು, ಸಾವಿರಾರು ಕುಟುಂಬಗಳು ಮನೆ ಬಿಟ್ಟಿದ್ದವು.

ಕೆರಳಿಸುವ ಸಂಗತಿ ಬೇರೆಯಿದೆ. 1988ರಲ್ಲೇ ಅಲಿಸೊ ನಡೆಸುತ್ತಿದ್ದ ಕಂಪನಿ ಅಲ್ಲಿನ 20 ಹಳೆಯ ಬಾವಿಗಳ ಕೇಸಿಂಗ್ ಪರೀಕ್ಷಿಸಲು ಪಟ್ಟಿ ಮಾಡಿತ್ತು. ನೋಡಿದ್ದು 7 ಮಾತ್ರ. ಎಸ್‌ಎಸ್-25ರ ಸರದಿ ಬರಲೇ ಇಲ್ಲ.

ನಮ್ಮ ಮಂಗಳೂರು, ಪಾದೂರಿನ ನೆಲದಡಿಯ ತೈಲಾಗಾರಗಳ ದಾರಿ ಬೇರೆ. ಅಲ್ಲಿ ಕಚ್ಚಾ ತೈಲ ಇರುವುದು ಬಂಡೆ ಕೊರೆದ ಗುಹೆಗಳಲ್ಲಿ. ಸುತ್ತಲಿನ ಅಂತರ್ಜಲದ ಒತ್ತಡವೇ ಅದನ್ನು ಹೊರಹೋಗದಂತೆ ಹಿಡಿದಿಡುತ್ತದೆ. ಅಲಿಸೊದಲ್ಲಿ ಪೈಪು ತಿಂದ ನೀರು ಇಲ್ಲಿ ಕಾವಲಿಗಿದೆ.

ಅಲಿಸೊ ಇರುವ ಕ್ಯಾಲಿಫೋರ್ನಿಯಾ ರಾಜ್ಯ 2018ರಲ್ಲಿ ಇಂಥ ಅನಿಲ ಬಾವಿಗಳ ನಿಯಮ ಬಿಗಿಗೊಳಿಸಿತು: ಅನಿಲ ಒಳಪೈಪಿನಲ್ಲೇ ಹರಿಯಬೇಕು, ಕೇಸಿಂಗ್ ಎರಡನೆಯ ತಡೆಯಾಗಿ ಉಳಿಯಬೇಕು, ಅದರ ಗೋಡೆಯ ದಪ್ಪವನ್ನು ಆಗಾಗ ಅಳೆಯಬೇಕು.